ನಿಟ್ಟುವಳ್ಳಿ ಮನೆ, ನಾಲ್ಕು ಪುಟದ ರಿಪೋರ್ಟು

ನಾವು ಕೊಳ್ಳಲು ಹೊರಟಿದ್ದ ಹಳೇ ಮನೆಯ ಬಗ್ಗೆ ಎಂಜಿನಿಯರ್ ಬರೆದ ರಿಪೋರ್ಟು ವಾಟ್ಸಾಪಿಗೆ ಬಂದಾಗ ನಾನು ಒಬ್ಬ ಅಜ್ಜಿಯ ಕೈಯಲ್ಲಿ ನರ ಹುಡುಕುತ್ತಿದ್ದೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಏಳರಿಂದ ರಕ್ತ ತೆಗೆಯೋದು, ಮಧ್ಯಾಹ್ನದ ಮೇಲೆ ರಿಪೋರ್ಟು ಕೊಡೋದು. ಹದಿನೆಂಟು ವರ್ಷದಿಂದ ಇದೇ. ಹಾಗಾಗಿ ರಿಪೋರ್ಟು ಕೈಗೆ ಸಿಕ್ಕರೆ ಜನ ಏನು ಮಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲು ದಪ್ಪ ಅಕ್ಷರ ಎಲ್ಲಿದೆ ಅಂತ ಹುಡುಕುತ್ತಾರೆ. ಆಮೇಲೆ ಕೌಂಟರಿಗೆ ಬಗ್ಗಿ, ದನಿ ತಗ್ಗಿಸಿ, "ಮೇಡಂ, ಏನೂ ತೊಂದ್ರೆ ಇಲ್ಲ ಅಲ್ವಾ?" ಅಂತಾರೆ. ನಾನು "ಡಾಕ್ಟರಿಗೆ ತೋರಿಸ್ರಿ" ಅಂತೀನಿ. ಅವರಿಗೆ ಸಿಟ್ಟು ಬರುತ್ತೆ.

ಅವತ್ತು ಊಟದ ಹೊತ್ತಿಗೆ ಫೋನ್ ತೆಗೆದು ನಾನೂ ದಪ್ಪ ಅಕ್ಷರ ಹುಡುಕಿದೆ. ನಾಲ್ಕು ಪುಟ, ಇಪ್ಪತ್ಮೂರು ಐಟಂ, ಒಂದೊಂದರ ಮುಂದೆ ಒಂದೊಂದು ಷರಾ. ಹದಿನೇಳರ ಮುಂದೆ "ದುರಸ್ತಿ ಅಗತ್ಯ". ಎರಡರ ಮುಂದೆ "ತಕ್ಷಣ". ಡಬ್ಬಿ ಮುಚ್ಚಿಟ್ಟು ಎಂಜಿನಿಯರಿಗೆ ಫೋನ್ ಮಾಡಿದೆ.

"ಸಾರ್, ಏನೂ ತೊಂದ್ರೆ ಇಲ್ಲ ಅಲ್ವಾ?"

ಮನೆ ಇರೋದು ನಿಟ್ಟುವಳ್ಳಿಯಲ್ಲಿ. 1989ರಲ್ಲಿ ಕಟ್ಟಿದ್ದು. ಮೇಲಿನ ಒಂದು ರೂಮು, ಬಾತ್‌ರೂಮು 2003ರಲ್ಲಿ ಸೇರಿಸಿದ್ದು. ಎಲ್ಲ ಸೇರಿ ಒಂಬತ್ತು ಚದರ, ಅಂದರೆ 900 ಚದರಡಿ. ಮಾರುತ್ತಿದ್ದವರು ವಯಸ್ಸಾದ ಗಂಡ ಹೆಂಡತಿ. ಅಜ್ಜ ಹಿಂದೆ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲವನ್ನೂ ನೋಡಿದ್ದಾರೆ, ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ ನೋಡಿದ್ದಾರೆ. ಈಗ ಮಗ ಬೆಂಗಳೂರಿಗೆ ಕರೆಯುತ್ತಿದ್ದ. ಅವರಿಗೆ ಹೋಗಲು ಮನಸ್ಸಿಲ್ಲ, ಇರಲು ಮೊಣಕಾಲು ಬಿಡುತ್ತಿಲ್ಲ.

ನಾವು ವಿನೋಬನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದವರು. ನಮ್ಮ ಮನೆಯವರು ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಹರಿಹರದ ಹತ್ತಿರ ಇದ್ದ ಹೊಲವನ್ನು ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಮಾರಿದ್ದರು. ಅದರ 17 ಲಕ್ಷ, ಉಳಿತಾಯ ಮತ್ತು ಚೀಟಿ ಸೇರಿ ಇನ್ನೊಂದು 10. ಸಾಲ 30ಕ್ಕಿಂತ ಜಾಸ್ತಿ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅಂದರೆ ನಮ್ಮ ಜೇಬು 57 ಲಕ್ಷಕ್ಕೆ ಮುಗಿಯುತ್ತದೆ. ಅಜ್ಜ 52 ಹೇಳಿದರು. ದಲ್ಲಾಳಿ 50ಕ್ಕೆ ಕೂರಿಸಿದ. 2025ರ ಯುಗಾದಿ ಮುಗಿದ ವಾರವೇ ಒಂದು ಲಕ್ಷ ಮುಂಗಡ ಕೊಟ್ಟು ಕರಾರು ಪತ್ರ ಮಾಡಿಕೊಂಡೆವು.

ತಪ್ಪು ಆಗಿದ್ದು ಅಲ್ಲಿ. ಎಂಜಿನಿಯರನ್ನು ಕರೆಸಿದ್ದು ಮುಂಗಡ ಕೊಟ್ಟ ಮೇಲೆ.

ನಮ್ಮ ಕಡೆ ಹಳೇ ಮನೆ ಕೊಳ್ಳುವಾಗ ಇಬ್ಬರಿಗೆ ತೋರಿಸುತ್ತೇವೆ. ಒಬ್ಬರು ಲಾಯರು. ಅವರು ಮೂಲಪತ್ರ, ಇ.ಸಿ. (ಋಣಭಾರ ಪತ್ರ), ಖಾತಾ, ಕಂದಾಯದ ರಸೀದಿ ನೋಡುತ್ತಾರೆ. ಇನ್ನೊಬ್ಬರು ಬ್ಯಾಂಕಿನ ವ್ಯಾಲ್ಯುಯರ್. ಅವರು ಬಂದು ಅಳತೆ ಹಿಡಿದು, ನಾಲ್ಕು ಫೋಟೋ ಹೊಡೆದು, ಈ ಆಸ್ತಿ ಮಾರಿದರೆ ಎಷ್ಟು ಬರುತ್ತೆ ಅಂತ ಬರೆಯುತ್ತಾರೆ. ನಮ್ಮ ಮನೆಗೆ ಬಂದವರು ಹದಿನೈದು ನಿಮಿಷದಲ್ಲಿ ಮುಗಿಸಿದರು. ಕಟ್ಟಡದ ಸ್ಥಿತಿ ಅನ್ನುವ ಕಡೆ "ಸಾಧಾರಣ" ಅಂತ ಬರೆದಿದ್ದರು. ಅವರನ್ನು ದೂರುವುದಿಲ್ಲ. ಬ್ಯಾಂಕಿಗೆ ಬೇಕಾದ್ದು ಅಷ್ಟೇ. ಲಾಯರು ಕಾಗದ ನೋಡಿದರು, ಬ್ಯಾಂಕು ಸೈಟು ನೋಡಿತು, ಗೋಡೆಯನ್ನು ಯಾರೂ ನೋಡಲಿಲ್ಲ. ನಾವೂ ಹೊಸ ಬಣ್ಣ ನೋಡಿ, ಗಾಳಿ ಬೆಳಕು ಚೆನ್ನಾಗಿದೆ ಅಂತ ಹೇಳಿ ಕಾಫಿ ಕುಡಿದು ಬಂದಿದ್ದೆವು. ರಕ್ತ ಪರೀಕ್ಷೆಗೆ 300 ರೂಪಾಯಿ ಜಾಸ್ತಿ ಆಯ್ತು ಅಂತ ಜಗಳ ಆಡುವ ಜನರನ್ನು ದಿನಾ ನೋಡುವ ನಾನು, 50 ಲಕ್ಷದ ಮನೆಗೆ ಒಂದು ಪರೀಕ್ಷೆ ಮಾಡಿಸದೆ ಸಹಿ ಹಾಕಿದ್ದೆ.

ಎಂಜಿನಿಯರ್ ಸಾಹೇಬರು ಇಲ್ಲಿನ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಸರ್ಕಾರಿ ಕೆಲಸ ಮುಗಿಸಿ ನಿವೃತ್ತರಾದವರು. ಏಪ್ರಿಲ್ ಮೂರನೇ ವಾರ, ಸುಡು ಬಿಸಿಲಲ್ಲಿ ಸ್ಕೂಟರಿನಲ್ಲಿ ಬಂದರು. ಚೀಲದಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ಉಳಿ, ನೀರು ತುಂಬಿದ ಲೆವೆಲ್ ಪೈಪು, ಒಂದು ಸ್ಪ್ರೇ ಬಾಟಲಿ. ಜೇಬಿನಲ್ಲಿ ಐದು ರೂಪಾಯಿಯ ಹಳೇ ದಪ್ಪ ನಾಣ್ಯ. ಆ ನಾಣ್ಯದಿಂದ ಗೋಡೆ ಬಡಿಯುತ್ತಾ ಹೊರಟರು. ಗಿಲಾವು ಗಟ್ಟಿ ಇದ್ದಲ್ಲಿ ಟಣ್ ಟಣ್ ಅನ್ನುತ್ತಿತ್ತು. ಬಿಟ್ಟುಕೊಂಡಿದ್ದಲ್ಲಿ ಡೊಬ್ ಅಂತ ಮಂಕು ಸದ್ದು. ಮಡಕೆ ಕೊಳ್ಳುವಾಗ ಬಡಿದು ನೋಡಲ್ವಾ, ಹಾಗೆ. ಡೊಬ್ ಅಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಅಜ್ಜಿ ಹಿಂದೆಯೇ ಬರುತ್ತಾ, "ಮೊನ್ನೆ ಮೊನ್ನೆ ಬಣ್ಣ ಹೊಡೆಸಿದ್ದು ಕಣಪ್ಪಾ" ಅನ್ನುತ್ತಿದ್ದರು.

ಹಿಂದುಗಡೆ ಅಡುಗೆಮನೆಯ ಗೋಡೆಗೆ ಒಂದು ಬಿರುಕು. ಕಿಟಕಿಯ ಮೂಲೆಯಿಂದ ಶುರುವಾಗಿ ಓರೆಯಾಗಿ, ಮೆಟ್ಟಿಲು ಇಳಿದ ಹಾಗೆ ಮನೆಯ ಮೂಲೆ ಕಡೆಗೆ ಇಳಿದಿತ್ತು. ಮೇಲೆ ಅಗಲ, ಕೆಳಗೆ ಸಣ್ಣ. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದರು, ಪುಟ್ಟಿಯೂ ಬಿರಿದಿತ್ತು. ಮೇಲ್ತುದಿಯಲ್ಲಿ ನಾಲ್ಕು ಎಂ.ಎಂ. ಅಗಲ. ನಾನು ನೋಡಿದ ಕೂಡಲೇ ಎದೆ ಧಸಕ್ ಅಂದಿತು. ಮನೆ ಎರಡು ಹೋಳಾಗುತ್ತಿದೆ ಅನಿಸಿತು.

ಸಾಹೇಬರು ಅದಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಇನ್ನೊಂದು ಜಾಗದಲ್ಲಿ. ಹಿಂದಿನ ಸಾಮಾನು ಕೋಣೆಯ ಮೇಲ್ಭಾಗ, ಮಹಡಿ ಬಾತ್‌ರೂಮಿನ ಸರಿಯಾಗಿ ಕೆಳಗೆ. ಅಲ್ಲೊಂದು ಕಂದು ಕಲೆ, ತಟ್ಟೆಯಗಲ. ನಾನಾಗಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಏಣಿ ಹಾಕಿಸಿ, ಉಳಿಯಿಂದ ಹೆಬ್ಬೆರಳು ಹೋಗುವಷ್ಟು ಕೆತ್ತಿದರು. ಸಿಮೆಂಟು ಪುಡಿಯಾಗಿ ಉದುರಿ ಒಳಗೆ ಕಂಬಿ ಕಂಡಿತು. ಬಾಯಲ್ಲಿ ಊದಿ ಧೂಳು ತೆಗೆದು, ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ಹೊಡೆದರು.

"ಏನ್ ಸಾರ್ ಅದು?"

"ಫಿನಾಲ್ಫ್ತಲೀನ್ ಅಮ್ಮ."

ನನಗೆ ನಗು ಬಂತು. ಪಿಯುಸಿ ಲ್ಯಾಬಿನಲ್ಲಿ ಹನಿ ಹನಿ ಬಿಟ್ಟು ಗುಲಾಬಿ ಬಣ್ಣ ಬರುತ್ತಾ ಅಂತ ಕಾಯುತ್ತಿದ್ದ ಅದೇ ದ್ರಾವಣ! ಮನೆಯ ಮೋಲ್ಡಿಗೂ, ಅಂದರೆ ಕಾಂಕ್ರೀಟ್ ಚಾವಣಿಗೂ, ಅದನ್ನು ಹೊಡೆಯುತ್ತಾರೆ ಅಂತ ಗೊತ್ತಿರಲಿಲ್ಲ. ಕೆತ್ತಿದ ಕುಳಿಯ ಆಳದಲ್ಲಿ ಮಾತ್ರ ಗುಲಾಬಿ ಬಂತು. ಹೊರಗಿನ ಎರಡು ಸೆಂಟಿಮೀಟರಿನಷ್ಟು ದಪ್ಪಕ್ಕೆ ಬಣ್ಣವೇ ಇಲ್ಲ, ಬೂದಿ ಬೂದಿ. ಕಂಬಿ ಇದ್ದಿದ್ದು ಆ ಬೂದಿ ಭಾಗದಲ್ಲಿ.

ಅವರು ಏಣಿ ಮೇಲೆ ನಿಂತೇ ಪಾಠ ಮಾಡಿದರು. ಒಳ್ಳೆ ಕಾಂಕ್ರೀಟಿನ ಪಿ.ಎಚ್. 12ರ ಮೇಲಿರುತ್ತದೆ. ಆ ದ್ರಾವಣ ಗುಲಾಬಿಯಾಗೋದು ಕ್ಷಾರ ಇದ್ದಲ್ಲಿ ಮಾತ್ರ. ಅಷ್ಟು ಕ್ಷಾರ ಇರುವತನಕ ಒಳಗಿನ ಕಂಬಿಗೆ ತುಕ್ಕು ಹತ್ತುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷಕ್ಕೂ ಒಂದಿಷ್ಟು ಒಳಗೆ ಇಳಿದು ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಅದು ಕಂಬಿಯತನಕ ತಲುಪಿ, ಮೇಲಿನಿಂದ ನೀರೂ ಜಿನುಗಿದರೆ ಮುಗಿಯಿತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಊದಿಕೊಂಡು ಸಿಮೆಂಟನ್ನೇ ಒಡೆದು ಕೆಡವುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456 ಪ್ರಕಾರ ಮೋಲ್ಡಿನಲ್ಲಿ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಎಂ.ಎಂ., ಸಣ್ಣ ಕಂಬಿಗೆ ಕಡಿಮೆಯೆಂದರೂ 15 ಎಂ.ಎಂ. ಸಿಮೆಂಟಿನ ಹೊದಿಕೆ ಇರಬೇಕು. ಇಲ್ಲಿ ಅಳೆದರೆ 12.

ಉಳಿದದ್ದು ಸಣ್ಣಪುಟ್ಟ. ಹಿತ್ತಲ ಬಾಗಿಲಿನ ಚೌಕಟ್ಟಿಗೆ ಗೆದ್ದಲು, ಬೆರಳು ಒತ್ತಿದರೆ ಒಳಗೆ ಹೋಯಿತು. ವೈರಿಂಗಿಗೆ ಅರ್ಥಿಂಗೇ ಇರಲಿಲ್ಲ. ಪ್ಯಾರಪೆಟ್ ಸಂದಿಯಲ್ಲಿ ಅರಳಿ ಗಿಡ, ಅದು ಎಲ್ಲರ ಮನೆಯಲ್ಲೂ ಇರುತ್ತೆ.

ಅವತ್ತು ರಾತ್ರಿ ರಿಪೋರ್ಟು ಮನೆಯ ಗ್ರೂಪಿಗೆ ಹೋಯಿತು. ನಾನು ಹಾಕಬಾರದಿತ್ತು. ಮೈದುನ, "ಬಿಟ್ಟಾಕು ಅತ್ತಿಗೆ, ಒಂದು ಲಕ್ಷ ಹೋದ್ರೆ ಹೋಯ್ತು" ಅಂದ. ಅವನ ಲಕ್ಷ ಅಲ್ಲವಲ್ಲ. ನನ್ನ ಅಣ್ಣ, "ಕೆಡವಿ ಹೊಸದಾಗಿ ಕಟ್ಟಿಬಿಡ್ರಿ" ಅಂದ. ಈಗ ಚದರಕ್ಕೆ ಎರಡು ಲಕ್ಷದ ಮೇಲೆ ಅಂತಾರೆ ಕಂಟ್ರಾಕ್ಟರುಗಳು. ಒಂಬತ್ತು ಚದರಕ್ಕೆ ಲೆಕ್ಕ ಹಾಕಿ ಅವನಿಗೇ ಕಳಿಸಿದೆ, ಸುಮ್ಮನಾದ. ದೂರದ ಸಂಬಂಧಿಯೊಬ್ಬರು ಬಿರುಕು ಯಾವ ದಿಕ್ಕಿನಲ್ಲಿದೆ ಅಂತ ಕೇಳಿದರು. ನಮ್ಮ ಮನೆಯವರು ಏನೂ ಹೇಳದೆ ಫ್ಯಾನ್ ನೋಡುತ್ತಾ ಮಲಗಿದ್ದರು. ಅದು ಅವರ ಸಿಟ್ಟಿನ ರೀತಿ.

ಲಾಯರ ಹತ್ತಿರ ಹೋದೆವು. ಕರಾರಿನಲ್ಲಿ ಕೊಳ್ಳುವವರು ಹಿಂದೆ ಸರಿದರೆ ಮುಂಗಡ ವಾಪಸ್ ಇಲ್ಲ ಅಂತ ಇತ್ತು. ಮಾರುವವರು ದೋಷ ಮುಚ್ಚಿಟ್ಟಿದ್ದರು ಅಂತ ಹೇಳಬಹುದಾ ಅಂತ ಕೇಳಿದೆ. ಅವರು ಆಸ್ತಿ ವರ್ಗಾವಣೆ ಕಾಯ್ದೆ, 1882ರ ಕಲಂ 55 ತೆಗೆದು ಓದಿದರು. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಸಿಗದ ದೊಡ್ಡ ದೋಷ ಇದ್ದರೆ ಅದನ್ನು ಮಾರುವವರು ಹೇಳಲೇಬೇಕು. "ನಿಮ್ಮ ಕಲೆ ಮೇಲೇ ಕಾಣ್ತಿತ್ತಲ್ಲಮ್ಮ. ನೋಡದೆ ಇದ್ರೆ ಅದು ಅವರ ತಪ್ಪು ಹೆಂಗಾಗುತ್ತೆ?" ಅಂದರು. ಫೀಸು ತಗೊಳ್ಳಲಿಲ್ಲ. ಆ ಮಾತಿಗೆ ಕೊಡಬೇಕಿತ್ತು ಅಂತ ಈಗ ಅನಿಸುತ್ತೆ.

ಅತ್ತೆ ಅಲ್ಲಿಯತನಕ ಬಾಯಿ ಬಿಟ್ಟಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, "ಆ ಗ್ವಾಡೆ ಪಕ್ಕ ಮಣ್ಣು ಎಂಥದ್ದು?" ಅಂತ ಕೇಳಿದರು.

ಗೊತ್ತಿಲ್ಲ ಅಂದೆ.

"ಎರೆ ಮಣ್ಣು ಇರ್ಬೇಕು ನೋಡು. ನಮ್ಮ ಹೊಲ ಬ್ಯಾಸಿಗ್ಯಾಗ ಹೆಂಗ್ ಬಾಯಿ ಬಿಡ್ತಿತ್ತು! ಒಂದ್ಸಲ ನಿಮ್ಮಾವನ ಕುಡುಗೋಲು ಬಿರುಕಿನಾಗ ಬಿದ್ದು ಸಿಗಲೇ ಇಲ್ಲ. ಮಳಿ ಬಿತ್ತು ಅಂದ್ರೆ ಎಲ್ಲ ಮುಚ್ಕೊಂಡು ಒಂದಾಗಿಬಿಡ್ತಿತ್ತು. ಮನೀನೂ ಅದ್ರ ಮ್ಯಾಲೇ ಕುಂತಿದ್ರೆ ಅದೇನು ಸುಮ್ನೆ ಇರುತ್ತಾ?"

ಎಂಜಿನಿಯರಿಗೆ ಇದನ್ನು ಹೇಳಿದೆ. ಫೋನಿನಲ್ಲೇ ನಕ್ಕರು. "ನಾನು ಮೂರನೇ ಪುಟದಲ್ಲಿ ಬರೆದಿದ್ದೂ ಅದೇ ಅಮ್ಮ. ನಿಮ್ಮತ್ತೆ ಒಂದೇ ಮಾತಲ್ಲಿ ಹೇಳಿದ್ರು." ನಿಜ, ಬರೆದಿದ್ದರು. ನಾನು ದಪ್ಪ ಅಕ್ಷರ ಬಿಟ್ಟು ಬೇರೇನೂ ಓದಿರಲಿಲ್ಲ. ಪಾಯದ ಪಕ್ಕ ಅಗೆದು ನೋಡಿದಾಗ ಆ ಮೂಲೆಯಲ್ಲಿ ಕಪ್ಪು ಎರೆ ಮಣ್ಣು ಸಿಕ್ಕಿತ್ತು. ಮಹಡಿಯ ನೀರಿಳಿಯುವ ಪೈಪು ಅದೇ ಮೂಲೆಯಲ್ಲಿ ಒಡೆದಿತ್ತು. ಅಜ್ಜಿಯ ಮಲ್ಲಿಗೆ ಗಿಡವೂ ಅಲ್ಲೇ, ಪಾತ್ರೆ ತೊಳೆದ ನೀರು ದಿನಾ ಅದರ ಬುಡಕ್ಕೆ. ಒಂದು ಕಡೆ ಒಣಗಿ ಕುಗ್ಗುವ ಮಣ್ಣು, ಪಕ್ಕದಲ್ಲೇ ನೆನೆದು ಉಬ್ಬುವ ಮಣ್ಣು. ನಡುವೆ ಗೋಡೆ.

ಅವತ್ತು ಅವರು ಹೇಳಿದ ಒಂದು ಮಾತು ಹಿಡಿದುಕೊಂಡೇ ನಾವು ಮುಂದಿನ ಎಲ್ಲವನ್ನೂ ಮಾಡಿದ್ದು. "ಹಳೇ ಮನೆ ರಿಪೋರ್ಟು ಒಳ್ಳೇದು ಬರೋದೇ ಇಲ್ಲ. ನಮ್ಮನೇದು ಬರೆದ್ರೆ ಐದು ಪುಟ ಆಗುತ್ತೆ. ನಿಂತುಹೋಗಿರೋ ತೊಂದ್ರೆ ಯಾವುದು, ಇನ್ನೂ ನಡೀತಿರೋದು ಯಾವುದು, ಹೋಗಿ ಬಂದು ಮಾಡ್ತಿರೋದು ಯಾವುದು, ಮೂರು ಗುಂಪು ಮಾಡ್ರಿ. ಆಮೇಲೆ ದುಡ್ಡಿನ ಮಾತು."

ಇದು ನನಗೆ ತಕ್ಷಣ ಅರ್ಥವಾಯಿತು. ಒಂದು ದಿನದ ಶುಗರ್ ನೋಡಿ ಯಾವ ಡಾಕ್ಟರೂ ತೀರ್ಮಾನಕ್ಕೆ ಬರುವುದಿಲ್ಲ. ಎಚ್‌ಬಿಎ1ಸಿ ಮಾಡಿಸಿ ಅಂತಾರೆ, ಅದರಲ್ಲಿ ಹಿಂದಿನ ಎರಡು ಮೂರು ತಿಂಗಳ ಕತೆ ಇರುತ್ತೆ. ಗೋಡೆಗೆ ಅಂಥ ಟೆಸ್ಟು ಇಲ್ಲ. ಕಾಯಬೇಕು.

ಅಜ್ಜನ ಹತ್ತಿರ ಹೋಗಿ ಸಮಯ ಕೇಳಿದೆವು. ಕರಾರಿನ ಅವಧಿ ಜುಲೈವರೆಗೆ ಇದ್ದಿದ್ದನ್ನು ಸೆಪ್ಟೆಂಬರಿಗೆ ಮುಂದೂಡಿ ಬರೆಸಿದೆವು. ಅವರಿಗೂ ಮೊಮ್ಮಗಳ ಶಾಲೆ, ಬೆಂಗಳೂರಿನ ಮನೆಯ ರಿಪೇರಿ ಅಂತ ಏನೇನೋ ಇತ್ತು, ಒಪ್ಪಿದರು. ಏಪ್ರಿಲ್ 27, ಭಾನುವಾರ. ಸಾಹೇಬರು ಬಿರುಕಿನ ಎರಡೂ ಕಡೆ ಒಂದೊಂದು ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದರು. 52.4 ಎಂ.ಎಂ. ಸ್ವಲ್ಪ ಕೆಳಗೆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅರಾಲ್ಡೈಟ್ ಹಾಕಿ ಅಂಟಿಸಿ, ಗಾಜಿನ ಪಕ್ಕ ಪೆನ್ಸಿಲಿನಲ್ಲಿ ತಾರೀಕು ಬರೆದರು. ಕ್ಯಾಲಿಪರ್ಸನ್ನು ಮಗಳ ಕೈಗೆ ಕೊಟ್ಟು, "ವಾರಕ್ಕೊಂದ್ಸಲ ನೀನೇ ಅಳೀಬೇಕು, ಬೇರೆಯವರ ಕೈಗೆ ಕೊಡ್ಬೇಡ" ಅಂದರು. ಅವಳು ಆಗ ಪಿಯುಸಿ ಎರಡನೇ ವರ್ಷಕ್ಕೆ ಬಂದಿದ್ದಳು. ಮನೆಯಲ್ಲಿ ಯಾರ ಮಾತೂ ಕೇಳದವಳು ಇದನ್ನು ಮಾತ್ರ ತಪ್ಪಿಸಲಿಲ್ಲ.

ಹೀಗೆ ನಮ್ಮದಲ್ಲದ ಮನೆಗೆ ನಾವು ಪ್ರತಿ ಭಾನುವಾರ ಹೋಗುವವರಾದೆವು. ಹತ್ತು ಗಂಟೆಗೆ ಹೋಗೋದು, ಮಗಳು ಅಳೆಯೋದು, ಅಜ್ಜ ಕನ್ನಡಕ ಏರಿಸಿ ತಾವೂ ನೋಡೋದು, ಅಜ್ಜಿ ಒಗ್ಗರಣೆ ಮಂಡಕ್ಕಿ ಕಲಸಿ ತರೋದು. ಬೇಡ ಅಂದರೆ ಕೇಳುತ್ತಿರಲಿಲ್ಲ. ಮಂಡಕ್ಕಿ ತಿನ್ನುತ್ತಾ ಇವರ ಮನೆಯ ಬೆಲೆ ಹೇಗೆ ಇಳಿಸೋದು ಅಂತ ಯೋಚಿಸಬೇಕಾಗಿ ಬಂದಾಗ ನನಗೆ ಗಂಟಲಿಗೆ ಇಳಿಯುತ್ತಿರಲಿಲ್ಲ. ನಮ್ಮ ಮನೆಯವರು ಮಾತ್ರ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು.

ಆ ವರ್ಷ ಮಳೆ ಬೇಗ ಬಂತು, ನೆನಪಿರಬಹುದು. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಮುಟ್ಟಿತ್ತು. ಇಲ್ಲೂ ಮೇ ತಿಂಗಳೆಲ್ಲ ಸಂಜೆಯಾದರೆ ಮಳೆ. ಮೇ 25ರ ಭಾನುವಾರ ಹೋದಾಗ ಗಾಜು ಒಡೆದಿತ್ತು. ನಡುವೆ ಸರಿಯಾಗಿ ಎರಡು ಹೋಳು. ಅಜ್ಜಿ ಬಾಗಿಲಲ್ಲೇ ಹೇಳಿದರು, ಮುಖ ಸಪ್ಪಗೆ ಮಾಡಿಕೊಂಡು. ಅತ್ತೆಯೂ ಬಂದಿದ್ದರು, ಗಾಜು ಒಡೆಯೋದು ಒಳ್ಳೇದಲ್ಲ ಅಂತ ಗೊಣಗಿದರು. ನಾನು ಆ ಗಳಿಗೆಯಲ್ಲಿ ಒಂದು ಲಕ್ಷ ಬಿಟ್ಟುಬಿಟ್ಟೆ, ಮನಸ್ಸಿನಲ್ಲಿ.

ಮಗಳು ಯಾರ ಮಾತಿಗೂ ಕಿವಿಗೊಡದೆ ಕ್ಯಾಲಿಪರ್ಸ್ ಹಿಡಿದಳು. ಎರಡು ಸಲ ಅಳೆದಳು. "ಅಮ್ಮ, 51.7. ಕಡಿಮೆ ಆಗಿದೆ."

ಬಿರುಕು ಅಗಲವಾಗಿ ಗಾಜು ಒಡೆದಿರಲಿಲ್ಲ. ಬಿರುಕು ಮುಚ್ಚಿಕೊಳ್ಳುತ್ತಾ ಗಾಜನ್ನು ಒತ್ತಿ ಮುರಿದಿತ್ತು. ಗೋಡೆ ಅಲುಗಾಡಿತು ಅಂತ ಮಾತ್ರ ಗಾಜು ಹೇಳುತ್ತೆ, ಯಾವ ಕಡೆಗೆ ಅಂತ ಹೇಳಲ್ಲ. ಸಾಹೇಬರು ಸ್ಕ್ರೂ ಹಾಕಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಜೂನ್ ಕೊನೆಗೆ 51.3. ಆಗಸ್ಟಿನಲ್ಲಿ 50.9ಕ್ಕೆ ಬಂದು ನಿಂತಿತು. ಅತ್ತೆಯ ಹೊಲದ ಹಾಗೆಯೇ.

ಅಂದರೆ ನನ್ನ ಎದೆ ಧಸಕ್ ಅನ್ನಿಸಿದ ಬಿರುಕು, ಹೋಗಿ ಬಂದು ಮಾಡುವ ಗುಂಪಿನದು. ಪೈಪು ಸರಿಮಾಡಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿ, ಮಣ್ಣಿಗೆ ನೀರು ಇಳಿಯದ ಹಾಗೆ ಮಾಡಿದರೆ ಅದರ ಆಟ ಕಡಿಮೆಯಾಗುತ್ತದೆ. ಯಾರೂ ತಿರುಗಿ ನೋಡದ ತಟ್ಟೆಯಗಲದ ಕಲೆ ನಡೀತಿರುವ ಗುಂಪಿನದು. ಅದು ಮಳೆಗಾಲದಲ್ಲಿ ಇನ್ನೂ ಎರಡು ಬೆರಳು ಬೆಳೆದಿತ್ತು. ಅದಕ್ಕೆ ವಾಪಸ್ ಹೋಗುವ ಅಭ್ಯಾಸ ಇಲ್ಲ.

ಈಗ ದುಡ್ಡು. ಸಾಮಾನು ಕೋಣೆಯ ಮೇಲಿನ ಅಷ್ಟು ಮೋಲ್ಡನ್ನು ಒಡೆದು ಹೊಸದಾಗಿ ಹಾಕಿ, ಬಾತ್‌ರೂಮು ಮತ್ತೆ ಕಟ್ಟಲು 2.4 ಲಕ್ಷ. ಪೈಪು ಮತ್ತು ಪಟ್ಟಿಗೆ 80 ಸಾವಿರ. ವೈರಿಂಗಿಗೆ 1.1 ಲಕ್ಷ. ಬಾಗಿಲು ಮತ್ತು ಗೆದ್ದಲಿಗೆ 60 ಸಾವಿರ. ಬಿರುಕಿಗೆ ಆಮೇಲೆ ಒಂದು 40. ಒಟ್ಟು 5.3 ಲಕ್ಷ. "ಇದರ ಮೇಲೆ ಕಾಲು ಭಾಗ ಸೇರಿಸ್ಕೊಳ್ರಿ, ಹಳೇ ಮನೆ ಒಡೆದ್ರೆ ಒಳಗೆ ಏನೇನೋ ಸಿಗುತ್ತೆ" ಅಂದರು ಸಾಹೇಬರು. 6.6 ಆಯಿತು. ಬೆಲೆ 50, ಮುದ್ರಾಂಕ ಮತ್ತು ನೋಂದಣಿ ಸೇರಿ ಆಗ ಶೇ 6.6, ಅಂದರೆ 3.3. ಎಲ್ಲ ಕೂಡಿದರೆ 59.9. ನಮ್ಮ ಜೇಬು 57. ಬ್ಯಾಂಕಿನವರು ನೋಂದಣಿ ಖರ್ಚನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ, ರಿಪೇರಿಯೂ ನಮ್ಮ ಕೈಯಿಂದಲೇ. ಸಾಲ ಜಾಸ್ತಿ ಮಾಡಬಹುದಿತ್ತು, ಬ್ಯಾಂಕು ಬೇಡ ಅನ್ನುತ್ತಿರಲಿಲ್ಲ. ಹೊಲ ಮಾರಿದ ಮೇಲೆ ಅತ್ತೆಯ ಮುಖ ನೋಡಿದ್ದೆ, ಆ 30ರ ಗೆರೆ ದಾಟಲು ನನಗೆ ಮನಸ್ಸು ಬರಲಿಲ್ಲ. 46ಕ್ಕೆ ಬಂದರೆ ತಗೊಳ್ಳೋದು, ಇಲ್ಲದಿದ್ದರೆ ಲಕ್ಷ ಬಿಟ್ಟು ಬರೋದು. ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ್ದ ಪ್ರಶ್ನೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಐದು ಸಾಲಿನಲ್ಲಿ ಮುಗಿಯಿತು.

ಆಗಸ್ಟಿನ ಎರಡನೇ ಭಾನುವಾರ ದಲ್ಲಾಳಿಯನ್ನೂ ಕರೆದುಕೊಂಡು ಹೋದೆವು. ಅವತ್ತು ಮಂಡಕ್ಕಿ ಬರುವ ಮೊದಲೇ ವಿಷಯ ತೆಗೆಯಬೇಕು ಅಂತ ನಮ್ಮ ಮನೆಯವರಿಗೆ ದಾರಿಯಲ್ಲೇ ಹೇಳಿದ್ದೆ. ಆರು ಇಳಿಸಿ ಅಂತ ಕೇಳಿದರು. ಅಜ್ಜನ ಮುಖ ಬಿಗಿಯಿತು.

"ಬಿರುಕು ಮುಚ್ಚಿಕೊಂಡೈತಲ್ಲ, ನಿಮ್ಮ ಹುಡುಗಿನೇ ಅಳೆದೈತೆ. ಇನ್ನೇನು ತೊಂದ್ರೆ?"

"ಬಿರುಕಿನ ಮಾತಲ್ಲ ಅಜ್ಜ. ಸಾಮಾನು ಕೋಣೆ ಮೋಲ್ಡು."

"ಅದಕ್ಕೇನಾಗೈತೆ? ಆ ಮೋಲ್ಡ್ ಹಾಕಿದಾಗ ಇಪ್ಪತ್ತೊಂದು ದಿನ ನಾನೇ ನಿಂತು ನೀರು ಹಾಯಿಸೀನಿ. ರಾತ್ರಿ ಪಾಳಿ ಮುಗಿಸಿ ಬಂದು ಹಾಯಿಸೀನಿ. ಸುಣ್ಣ ಹೊಡೆದ್ರೆ ಕಲೆ ಹೋಗುತ್ತೆ."

ಎದ್ದು ಕೋಣೆಗೆ ಹೋದರು. ಸ್ಟೂಲ್ ಎಳೆದು ಹತ್ತಿದರು, ಆ ಮೊಣಕಾಲಿನಲ್ಲಿ. ನಾವೆಲ್ಲ ಬೇಡ ಬೇಡ ಅನ್ನುತ್ತಾ ಹಿಡಿದುಕೊಂಡೆವು. ಕಲೆಯ ಅಂಚಿಗೆ ಹೆಬ್ಬೆರಳು ಒತ್ತಿದರು. ಅಂಗೈಯಗಲದ ಹೆಕ್ಕಳ ಕಳಚಿಕೊಂಡು ಅವರ ಹೆಗಲ ಮೇಲೆ ಬಿತ್ತು. ಒಳಗೆ ಕಂಬಿ ಪದರ ಪದರವಾಗಿ ಎದ್ದಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಇಳಿದ ಮೇಲೆ ಆ ಚೂರನ್ನು ಎತ್ತಿ ಜುಬ್ಬಾದ ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, "ಎಷ್ಟು ವರ್ಷದಿಂದ ಹೇಳ್ದೆ, ಆ ಬಚ್ಚಲು ಸೋರ್ತೈತೆ ಅಂತ" ಅಂದರು.

ಎರಡು ಇಳಿಸಿದರು. ದಲ್ಲಾಳಿ ಮೂರು ಅಂದ. ನಾವು ನಾಲ್ಕಕ್ಕಿಂತ ಕಡಿಮೆಗೆ ಆಗಲ್ಲ, ಬೇಕಾದರೆ ಲೆಕ್ಕ ನೋಡಿ ಅಂತ ಕ್ಯಾಲೆಂಡರಿನ ಹಾಳೆ ಅಜ್ಜನ ಮುಂದಿಟ್ಟೆವು. ಲೆಕ್ಕ ಬರೆದ ಮನುಷ್ಯ, ಒಂದೊಂದು ಸಾಲನ್ನೂ ಬೆರಳಿಟ್ಟು ಕೂಡಿದರು. ಕೂಡಿದ ಮೇಲೆ "ಕಾಲು ಭಾಗ ಜಾಸ್ತಿ ಯಾಕೆ ಹಿಡಿದೀರಿ?" ಅಂತ ಕೇಳಿದರು. ಹೇಳಿದೆ. "ಸರಿ, 46" ಅಂದರು. ಆಮೇಲೆ ಬಂದ ಮಂಡಕ್ಕಿಯಲ್ಲಿ ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ.

ಬ್ಯಾಂಕಿನ ಕಾಗದ ಎಲ್ಲ ಸರಿಯಾಗಿ ನೋಂದಣಿಗೆ ದಿನ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತ್ತು. ಗೋಡೆ ಕಾದಿದ್ದಕ್ಕೆ ನಮಗೆ ಬಿದ್ದ ದಂಡ 46 ಸಾವಿರ. ನಮ್ಮ ಮನೆಯವರು ಇದನ್ನು ಬಂದವರಿಗೆಲ್ಲ ಹೇಳುತ್ತಾರೆ. ಬೆಲೆ ನಾಲ್ಕು ಲಕ್ಷ ಇಳಿದಿದ್ದನ್ನು ಹೇಳುವುದಿಲ್ಲ. ಕೊನೆಗೆ ಲೆಕ್ಕ 56.1ಕ್ಕೆ ನಿಂತಿತು.

ದಸರಾ ಮುಗಿದ ಮೇಲೆ ಮೋಲ್ಡು ಒಡೆಸಿದೆವು. ಮೇಸ್ತ್ರಿ ಒಂದು ಕಂಬಿ ತಂದು ತೋರಿಸಿದ. ಎಂಟು ಎಂ.ಎಂ. ಕಂಬಿ ಒಂದು ಕಡೆ ಪೆನ್ಸಿಲಿನ ಸೀಸದಷ್ಟಾಗಿತ್ತು. ಕೈಯಲ್ಲಿ ಬಗ್ಗಿಸಿದ, ಲಟಕ್ ಅಂತು. ಒಳಗೆ "ಏನೇನೋ ಸಿಗುತ್ತೆ" ಅಂದಿದ್ದು ನಿಜವಾಯಿತು, ಪಕ್ಕದ ಇನ್ನೊಂದು ಅಡಿ ಮೋಲ್ಡೂ ಹಾಳಾಗಿತ್ತು. ಕಾಲು ಭಾಗದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಬಿರುಕನ್ನು ಮಾತ್ರ ಮುಚ್ಚಿಲ್ಲ. ಪೈಪು, ಪಟ್ಟಿ ಎಲ್ಲ ಆದ ಮೇಲೆ ಒಂದು ಪೂರ್ತಿ ಬೇಸಿಗೆ ನೋಡಿ, ಆಮೇಲೆ ಕಂಬಿ ಕೂರಿಸಿ ಹೊಲಿಯೋಣ ಅಂದಿದ್ದಾರೆ ಸಾಹೇಬರು. ಏಪ್ರಿಲ್ ಕೊನೆಗೆ 52.4 ದಾಟಬಾರದು, ಅದಕ್ಕಿಂತ ಕಡಿಮೆಯಲ್ಲೇ ನಿಂತರೆ ಪಟ್ಟಿ ಕೆಲಸ ಮಾಡಿದೆ ಅಂತ ಲೆಕ್ಕ. ಹಾಗಾಗಿ ಅಡುಗೆಮನೆಯಲ್ಲಿ ಎರಡು ಸ್ಕ್ರೂ ಹಾಗೇ ಇವೆ, ಹೊಸ ಗಾಜಿನ ಪಟ್ಟಿಯೂ ಇದೆ. ದಿನಾ ಎಲ್ಲರೂ ಒಂದು ಸಲ ಅದರ ಮುಂದೆ ನಿಂತು ನೋಡುತ್ತೇವೆ ಅಂತ ಅತ್ತೆ ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದಾರೆ.

ಭಾನುವಾರ ಹತ್ತು ಗಂಟೆಗೆ ಬೆಂಗಳೂರಿನಿಂದ ಫೋನ್ ಬರುತ್ತೆ. "ಎಷ್ಟು ಬಂತವ್ವಾ ಈ ವಾರ?" ಮೊನ್ನೆ 51.6. ಮಗಳು ಹೇಳಿದಳು. "ಇನ್ನೂ ಏಪ್ರಿಲ್ ಐತೆ ಬಿಡು" ಅಂದರು ಅಜ್ಜ. ಆಮೇಲೆ ಫೋನ್ ಅಜ್ಜಿಯ ಕೈಗೆ ಹೋಯಿತು. ಮಲ್ಲಿಗೆಗೆ ನೀರು ಹಾಕುತ್ತಿದ್ದೀರಾ ಅಂತ ಕೇಳಿದರು. ಮಗಳು ನನ್ನ ಮುಖ ನೋಡಿದಳು. ಗೋಡೆಯ ಬುಡದಿಂದ ಅದನ್ನು ಕಿತ್ತು ಮುಂದಿನ ಅಂಗಳದ ಕುಂಡಕ್ಕೆ ಹಾಕಿದ್ದೇವೆ, ಅವರಿಗೆ ಇನ್ನೂ ಹೇಳಿಲ್ಲ. "ಹಾಕ್ತಿದೀವಿ ಅಜ್ಜಿ, ಮೊಗ್ಗು ಬಂದಿದೆ" ಅಂದಳು. ಮೊಗ್ಗು ಬಂದಿರೋದು ನಿಜ.